ಚಿಗರಿ, ತೋಳ, ಜೇಡ: ಕೊಪ್ಪಳ ಸೀಮೆಯ ಸುತ್ತಾಟ

ಮೊದಲ ದಿನ: ಕುಕನೂರಿನ ಎರೆಹೊಲ

ಕೊಪ್ಪಳದಲ್ಲಿ ರೈಲು ಇಳಿದು ಹೊರಗೆ ಬರುವಷ್ಟರಲ್ಲಿ ಗೆಳೆಯ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನ ಊರು ಕುಕನೂರಿನ ಹತ್ತಿರ, ಮನೆತನ ತಲೆಮಾರುಗಳಿಂದ ಎರೆಹೊಲ ಮಾಡಿಕೊಂಡು ಬಂದದ್ದು. "ಮೊದಲು ಒಗ್ಗರಣೆ ಮಿರ್ಚಿ, ಆಮೇಲೆ ಚಿಗರಿ" ಎಂದ. ಚಿಗರಿ ಎಂದರೆ ಕೃಷ್ಣಮೃಗ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಹುಳಿ ಹಾಕಿ ಮೇಲೆ ಪುಟಾಣಿ ಹಿಟ್ಟು ಉದುರಿಸಿದ ಒಗ್ಗರಣೆ, ಪಕ್ಕಕ್ಕೆ ಸುಡುಸುಡು ಮಿರ್ಚಿ ಬಜ್ಜಿ. ಈ ಸೀಮೆಯಲ್ಲಿ ದಿನ ಆರಂಭವಾಗುವುದೇ ಹಾಗೆ. ಹೊಲದಲ್ಲಿ ಮಧ್ಯಾಹ್ನದವರೆಗೆ ಏನೂ ಸಿಗುವುದಿಲ್ಲವಾದ್ದರಿಂದ ಎರಡೆರಡು ತಟ್ಟೆ ತಿಂದೇ ಹೊರಟೆವು.

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಹಿಂದಿನ ರಾತ್ರಿ ಹಿಂಗಾರಿ ಮಳೆ ಚೆನ್ನಾಗಿ ಸುರಿದಿತ್ತು. ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದ ಸ್ವಲ್ಪ ಹೊತ್ತಿಗೇ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಬೈಕ್ ಕದಲದಾಯಿತು. ಜಾಲಿಯ ಕಟ್ಟಿಗೆಯಿಂದ ಕೆತ್ತಿ ತೆಗೆದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ಅಷ್ಟೇ. ಕೊನೆಗೆ ಬೈಕನ್ನು ಬದುವಿನ ಮೇಲೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಮಳೆಯ ಮರುದಿನ ಎರೆಸೀಮೆಗೆ ಬರುವವರು ಗಾಡಿಯನ್ನು ಊರಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಗೆಳೆಯನ ದೊಡ್ಡಪ್ಪ ಕಾವಲಿನ ಅಟ್ಟಣಿಗೆಯ ಮೇಲೆ ಕುಳಿತಿದ್ದರು. ಹೊಲದ ಸುತ್ತ ಕಂಬ ನೆಟ್ಟು, ಹಳೆಯ ಸೀರೆಗಳನ್ನು ಕಟ್ಟಿದ್ದರು. ಆಗಷ್ಟೇ ಮೊಳೆತ ಕಡಲೆ. ಅವರು ಕೈ ತೋರಿಸಿದ ಕಡೆ ನೋಡಿದರೆ, ಪಕ್ಕದ ಹೊಲದ ನಟ್ಟನಡುವೆ ಚಿಗರಿಯ ಹಿಂಡು. ಮೈಯೆಲ್ಲ ಕಪ್ಪು, ಹೊಟ್ಟೆ ಬಿಳುಪಾದ ಗಂಡು ಒಂದು ತಲೆಯೆತ್ತಿ ನಿಂತಿತ್ತು. ಉಳಿದವು ತಲೆ ತಗ್ಗಿಸಿ ಮೇಯುತ್ತಿದ್ದವು. ಮೂವತ್ತಕ್ಕೆ ಕಡಿಮೆ ಇರಲಿಲ್ಲ. ಕೃಷ್ಣಮೃಗವನ್ನು ಬಯಲಿನಲ್ಲಿ ನೋಡಿದರೆ ಯಾರಿಗಾದರೂ ಮನಸ್ಸು ತುಂಬಿ ಬರುತ್ತದೆ. ದೊಡ್ಡಪ್ಪನವರ ಮುಖದಲ್ಲಿ ಮಾತ್ರ ರಾತ್ರಿಯ ನಿದ್ದೆ ಇರಲಿಲ್ಲ.

"ನಮ್ಮ ಅಪ್ಪನ ಕಾಲದಲ್ಲೂ ಚಿಗರಿ ಇದ್ದವು" ಎಂದರು. "ಆಗ ಈ ಹಳ್ಳದ ಗುಂಟ ತೋಳ ತಿರುಗುತ್ತಿದ್ದವು. ಚಿಗರಿ ಒಂದು ಬಾಯಿ ಮೇಯುವುದು, ಹತ್ತು ಸಲ ತಲೆ ಎತ್ತುವುದು, ಓಡುವುದು. ಈಗ ನೋಡು, ಮನೆಯ ದನದ ಹಾಗೆ ನಿಂತು ಮೇಯುತ್ತವೆ."

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಬೇಟೆಗಾರ ಪ್ರಾಣಿ ತನ್ನ ಬಲಿಯನ್ನು ತಿಂದು ಕಡಿಮೆ ಮಾಡುವುದಷ್ಟೇ ಅಲ್ಲ, ಅದನ್ನು ಅಂಜಿಸಿ ಒಂದೇ ಕಡೆ ನಿಲ್ಲಗೊಡುವುದಿಲ್ಲ. ಹುಲ್ಲಿಗೂ ಪೈರಿಗೂ ಚೇತರಿಸಿಕೊಳ್ಳಲು ಸಮಯ ಸಿಗುವುದು ಆ ಅಂಜಿಕೆಯಿಂದ. ಚಿಗರಿಯ ವೇಗಕ್ಕೆ ಸಾಟಿಯಾಗಿದ್ದ ಚೀತಾ ಭಾರತದಿಂದ ಅಳಿದದ್ದನ್ನು 1952ರಲ್ಲಿ ಅಧಿಕೃತವಾಗಿ ಘೋಷಿಸಲಾಯಿತು. ಬಯಲಿನಲ್ಲಿ ಉಳಿದದ್ದು ತೋಳವೊಂದೇ. ಅದನ್ನೂ ಓಡಿಸಿದೆವು.

ಕೆನಡಾದ ಯೂಕಾನ್ ಪ್ರಾಂತ್ಯದಲ್ಲಿ ಚಾರ್ಲ್ಸ್ ಕ್ರೆಬ್ಸ್ ಮತ್ತು ಸಂಗಡಿಗರು ನಡೆಸಿದ ಒಂದು ದೀರ್ಘ ಪ್ರಯೋಗ ಆ ಅಟ್ಟಣಿಗೆಯ ಕೆಳಗೆ ನನಗೆ ನೆನಪಾಯಿತು. ಅಲ್ಲಿನ ಹಿಮಮೊಲಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಅವನ್ನು ತಿನ್ನುವ ಲಿಂಕ್ಸ್ ಎಂಬ ಕಾಡುಬೆಕ್ಕಿನ ಸಂಖ್ಯೆ ಅದರ ಬೆನ್ನಿಗೇ ಏರಿ ಇಳಿಯುತ್ತದೆ. ಇದಕ್ಕೆ ಕಾರಣ ಬೇಟೆಗಾರನೋ, ಮೇವೋ? ಕೆಲವು ತುಂಡು ಕಾಡಿಗೆ ಬೇಲಿ ಹಾಕಿ ಬೇಟೆಗಾರ ಪ್ರಾಣಿಗಳನ್ನು ಹೊರಗಿಟ್ಟರು, ಕೆಲವಕ್ಕೆ ಹೆಚ್ಚಿನ ಮೇವು ಹಾಕಿದರು, ಒಂದು ಕಡೆ ಎರಡನ್ನೂ ಮಾಡಿದರು. 1995ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೇಟೆಗಾರರನ್ನು ತಡೆದ ಕಡೆ ಮೊಲ ಎರಡು ಪಟ್ಟು, ಮೇವು ಹಾಕಿದ ಕಡೆ ಮೂರು ಪಟ್ಟು. ಎರಡನ್ನೂ ಮಾಡಿದ ಕಡೆ ಹನ್ನೊಂದು ಪಟ್ಟು!

ಯಲಬುರ್ಗಾ, ಕುಕನೂರಿನ ಹೊಲಗಳಲ್ಲಿ ನಾವು ಗೊತ್ತಿಲ್ಲದೆ ಮಾಡಿರುವುದೂ ಅದೇ ಅಲ್ಲವೇ? ತೋಳವನ್ನು ತೆಗೆದೆವು. ಗೋಮಾಳ, ಹುಲ್ಲುಗಾವಲುಗಳನ್ನು ಉತ್ತು ಕಡಲೆ, ಮೆಕ್ಕೆಜೋಳ, ಹೆಸರು ಬೆಳೆದು ಮೇವು ಹಾಕಿದೆವು. ಆ ಚಿಗರಿಗಳದ್ದು ತಪ್ಪಿಲ್ಲ, ರಾತ್ರಿಯಿಡೀ ತಗಡು ಬಡಿಯುವ ದೊಡ್ಡಪ್ಪನವರದ್ದೂ ತಪ್ಪಿಲ್ಲ.

"ನಾಯಿಗಳಿವೆಯಲ್ಲ, ಅವು ಹಿಡಿಯುವುದಿಲ್ಲವೇ?" ಎಂದು ಕೇಳಿದೆ. ಹಿಡಿಯುತ್ತವೆ, ಮರಿಗಳನ್ನು ಹರಿದು ಹಾಕುತ್ತವೆ ಎಂದರು. ಆದರೆ ನಾಯಿ ತೋಳದ ಜಾಗವನ್ನು ತುಂಬಲಾರದು. ಬಲಿ ಕಡಿಮೆಯಾದರೆ ತೋಳ ಹಸಿಯುತ್ತದೆ, ಮರಿ ಉಳಿಯುವುದಿಲ್ಲ, ಸಂಖ್ಯೆ ಇಳಿಯುತ್ತದೆ, ಬಲಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಊರಿನ ತಿಪ್ಪೆ, ಕೋಳಿ ಅಂಗಡಿಯ ಕಸ ತಿಂದು ಬದುಕುವ ನಾಯಿಗೆ ಆ ಹಸಿವು ಇಲ್ಲ. ಚಿಗರಿ ನೂರಿದ್ದರೂ ಹತ್ತಿದ್ದರೂ ನಾಯಿ ಅಷ್ಟೇ ಇರುತ್ತವೆ.

ಮಧ್ಯಾಹ್ನ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು. ಸಂಜೆ ಇಟಗಿಯ ಮಹಾದೇವ ದೇವಾಲಯಕ್ಕೆ ಹೋದೆವು. 1112ರಲ್ಲಿ ಕಟ್ಟಿಸಿದ್ದು, ಅಲ್ಲಿನ ಶಾಸನ ಇದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಆ ಕಂಬಗಳ ನುಣುಪಿನ ಬಗ್ಗೆ ಬೇರೆಯೇ ಬರೆಯಬೇಕು.

ಎರಡನೆಯ ದಿನ: ಬಂಕಾಪುರದ ಗುಡ್ಡ

ಗಂಗಾವತಿಗೆ ಬಸ್, ಅಲ್ಲಿಂದ ಬಂಕಾಪುರಕ್ಕೆ ಆಟೋ. ಎರೆಮಣ್ಣು ಎಲ್ಲಿ ಮುಗಿಯಿತು ಎನ್ನುವುದು ಕಿಟಕಿಯಲ್ಲೇ ಗೊತ್ತಾಗುತ್ತದೆ. ನೆಲ ಕೆಂಪಗಾಗಿ, ಬಂಡೆಗಳು ಒಂದರ ಮೇಲೊಂದು ಏರಿ, ನಡುನಡುವೆ ಕುರುಚಲು ಗಿಡ, ಒಣಹುಲ್ಲು. ಇದನ್ನು ನೋಡಿ ಪಾಳುಭೂಮಿ ಎನ್ನುವವರೇ ಹೆಚ್ಚು. ತೋಳ, ನರಿ, ಮೊಲ, ನವಿಲುಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಇಲ್ಲ.

ಬಂಕಾಪುರ ತೋಳ ವನ್ಯಜೀವಿ ಧಾಮದ ವಿಸ್ತೀರ್ಣ ಸುಮಾರು 332 ಹೆಕ್ಟೇರ್. ತೋಳಕ್ಕಾಗಿಯೇ ಧಾಮ ಮಾಡಿದ ಉದಾಹರಣೆಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಜಾರ್ಖಂಡಿನ ಮಹುವಾಡಾಂಡ್ ಇದಕ್ಕಿಂತ ಹಳೆಯದು, 1976ರದ್ದು. 2025ರ ಆರಂಭದಲ್ಲಿ ಇಲ್ಲಿನ ತೋಳವೊಂದು ಎಂಟು ಮರಿ ಹಾಕಿದ ಸುದ್ದಿ ಓದಿ ನಾನು ಕುಣಿದಿದ್ದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಾವು ಅದನ್ನು ಕೇಳಲೇ ಇಲ್ಲ. ಗವಿಗಳ ಬಳಿ ಮನುಷ್ಯರ ಓಡಾಟ ಹೆಚ್ಚಾದರೆ ತಾಯಿ ಮರಿಗಳನ್ನು ಬೇರೆಡೆಗೆ ಸಾಗಿಸುತ್ತದೆ. ಧಾಮದ ಹೊರಗೆ ಕುರಿಗಾಹಿಗಳೊಂದಿಗೆ ತಿರುಗಿದರೆ ತಿಳಿಯುವುದೇ ಹೆಚ್ಚು. ನಮ್ಮೊಂದಿಗೆ ತಿರುಗಾಡಲು ಒಪ್ಪಿದವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ.

"ತೋಳ ನೋಡಲು ಬಂದಿರಾ, ತಮ್ಮಾ? ಅದು ನಿಮ್ಮನ್ನು ಆಗಲೇ ನೋಡಿದೆ" ಎಂದು ನಕ್ಕರು.

ತೋಳ ಕಾಣಲಿಲ್ಲ. ಕಂಡದ್ದು ಅದರ ಹೆಜ್ಜೆ, ಬಂಡೆಯ ಮೇಲೆ ಒಣಗಿ ಬೆಳ್ಳಗಾದ ಅದರ ಮಲ. ಅಜ್ಜ ಕಡ್ಡಿಯಿಂದ ಬಿಡಿಸಿ ತೋರಿಸಿದರು. ಕುರಿಯ ಉಣ್ಣೆ ಬಹಳ, ಮೊಲದ್ದೋ ಇಲಿಯದ್ದೋ ಸಣ್ಣ ಎಲುಬು ಸ್ವಲ್ಪ. ಚಿಗರಿಯ ಸಂಖ್ಯೆ ತೋಳವನ್ನು ನಿಯಂತ್ರಿಸುತ್ತದೆ, ತೋಳ ಚಿಗರಿಯನ್ನು ನಿಯಂತ್ರಿಸುತ್ತದೆ ಎಂಬ ಪುಸ್ತಕದ ಪಾಠ ಇಲ್ಲಿ ಇದ್ದ ಹಾಗೆ ನಡೆಯುವುದಿಲ್ಲ. ಈ ಗುಡ್ಡದ ತೋಳ ಬದುಕಿರುವುದು ಕುರಿಯಿಂದ. ಕುರಿ ಎಷ್ಟಿರಬೇಕು ಎನ್ನುವುದು ಹಟ್ಟಿಯವರ ಲೆಕ್ಕ, ಸಂತೆಯ ದರ, ಮಳೆಯ ಮೇಲೆ ನಿಂತಿದೆ. ಅಂದ ಮೇಲೆ ಈ ಸಮತೋಲನದ ಮೂರನೆಯ ಪಾಲುದಾರರು ಕುರಿಗಾಹಿಗಳು. ಅವರನ್ನು ಬಿಟ್ಟು ತೋಳವನ್ನು ಉಳಿಸುವ ಮಾತೇ ಸಾಧ್ಯವಿಲ್ಲ.

332 ಹೆಕ್ಟೇರ್ ಎಂದರೆ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ತೋಳದ ಗುಂಪು ತಿರುಗುವ ಸೀಮೆ ನೂರು ಚದರ ಕಿಲೋಮೀಟರನ್ನೂ ಮೀರುತ್ತದೆ. ಧಾಮ ಕಾಪಾಡುವುದು ತೋಳದ ತೊಟ್ಟಿಲನ್ನು. ಅದರ ಊಟ, ಓಡಾಟವೆಲ್ಲ ಹೊರಗೆ, ಅಜ್ಜನಂಥವರ ಹೊಲ, ಹಟ್ಟಿಗಳ ನಡುವೆ. ಅಮೆರಿಕದ ಐಲ್ ರಾಯಲ್ ಎಂಬ ದ್ವೀಪದಲ್ಲಿ ತೋಳ ಮತ್ತು ಮೂಸ್ ಎಂಬ ದೈತ್ಯ ಜಿಂಕೆಗಳ ಲೆಕ್ಕವನ್ನು 1958ರಿಂದ ಇಡುತ್ತಿದ್ದಾರೆ. ದ್ವೀಪ ದೊಡ್ಡದೇ, ಐನೂರು ಚದರ ಕಿಲೋಮೀಟರಿಗೂ ಮೇಲೆ. ಆದರೂ ಹೊರಗಿನಿಂದ ಹೊಸ ತೋಳಗಳು ಬರುವುದು ನಿಂತಾಗ ಒಳಸಂಬಂಧದಿಂದ ಸಂತತಿ ಸೊರಗಿ, ಕೊನೆಗೆ ಎರಡೇ ತೋಳಗಳು ಉಳಿದವು. ಮೂಸ್‌ಗಳು ಎರಡು ಸಾವಿರದ ಹತ್ತಿರಕ್ಕೆ ಏರಿ ಕಾಡಿನ ಎಳೆಗಿಡಗಳನ್ನೆಲ್ಲ ಮೇಯ್ದವು. 2018ರಿಂದ ಬೇರೆಡೆಯ ತೋಳಗಳನ್ನು ತಂದು ಬಿಡಬೇಕಾಯಿತು. ಬಂಕಾಪುರ ದ್ವೀಪವಾಗಬಾರದು. ಒಂದು ಗುಡ್ಡದಿಂದ ಇನ್ನೊಂದಕ್ಕೆ ತೋಳ ದಾಟುವ ಕುರುಚಲು ನೆಲ ಉಳಿಯಲೇಬೇಕು. ಇಡೀ ದೇಶದಲ್ಲಿ ತೋಳಗಳಿರುವುದು ಮೂರು ಸಾವಿರದ ಆಸುಪಾಸು.

ಹಟ್ಟಿಯಲ್ಲಿ ಅಜ್ಜನ ಸೊಸೆ ಆಡಿನ ಹಾಲಿನ ಚಹಾ ಕೊಟ್ಟರು. ಖಡಕ್ ರೊಟ್ಟಿ, ಕೆಂಪು ಖಾರ, ಹಸಿ ಈರುಳ್ಳಿ. ಗಾಳಿ ಬೀಸುತ್ತಿತ್ತು, ಮೋಡ ಕವಿದಿತ್ತು. "ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ ಅಜ್ಜ, ನೀವೂ ಹೊಡೆದಿದ್ದೀರಾ?" ಎಂದು ಗೆಳೆಯ ಕೇಳಿದ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹರೆಯದಲ್ಲಿ ಹೊಡೆದಿದ್ದೇನೆ. ಮರಿ ಒಯ್ದಿತ್ತು, ಸಿಟ್ಟು ಬಂದಿತ್ತು. ಆಮೇಲೆ ಏನಾಯಿತು? ತೋಳ ಹೋದ ಕಡೆ ನಾಯಿ ಬಂದವು. ತೋಳ ಬಂದರೆ ಒಂದು ಮರಿ ಎತ್ತಿಕೊಂಡು ಹೋಗುತ್ತದೆ. ನಾಯಿ ಹಿಂಡು ಬಿದ್ದರೆ ಹತ್ತು ಕುರಿ ಕಚ್ಚಿ, ಒಂದನ್ನೂ ಪೂರ್ತಿ ತಿನ್ನದೆ ಹೋಗುತ್ತವೆ. ತೋಳ ತಿಂದರೆ ಇಲಾಖೆಗೆ ಅರ್ಜಿ ಕೊಡಬಹುದು. ನಾಯಿ ತಿಂದರೆ ಯಾರ ಹತ್ತಿರ ಹೋಗಲಿ?"

ದೊಡ್ಡಿಯೊಳಗೆ ನುಗ್ಗಿದರೆ ತೋಳವೂ ಒಂದೇ ರಾತ್ರಿ ಹಲವು ಕುರಿ ಕೊಲ್ಲುವುದುಂಟು, ಅದನ್ನು ಅಜ್ಜನೂ ಒಪ್ಪಿದರು. ಅದಕ್ಕೇ ಅವರ ಹಟ್ಟಿಯ ಸುತ್ತ ಎತ್ತರದ ಬಲೆ, ರಾತ್ರಿ ಕಾವಲಿಗೆ ಸಾಕಿದ ನಾಯಿ, ಜೊತೆಗೆ ಒಬ್ಬರ ಎಚ್ಚರ. ಪರಿಹಾರದ ಹಣ ಕುರಿಯ ಸಂತೆ ಬೆಲೆಗೆ ಸಮನಾಗಿ, ತಡವಿಲ್ಲದೆ ಬಂದರೆ ಬಡಿಗೆ ಎತ್ತುವ ಕೈ ತಾನೇ ಇಳಿಯುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಊರ ನಾಯಿಗಳಿಗೆ ಲಸಿಕೆಯೂ ಅಷ್ಟೇ ಮುಖ್ಯ. ನಾಯಿಗಳ ಡಿಸ್ಟೆಂಪರ್ ರೋಗ ತೋಳದ ಮರಿಗಳಿಗೆ ತಗುಲಿದರೆ ಎಂಟು ಮರಿಯ ಸಂಭ್ರಮ ಒಂದು ವಾರವೂ ಉಳಿಯುವುದಿಲ್ಲ.

ಮರಳುವಾಗ ಆಟೋದ ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಮಳೆ ಹನಿಯುತ್ತಿದ್ದಂತೆ ಮುಖ್ಯ ರಸ್ತೆಯವರೆಗೆ ನಡೆದು, ಹುಲ್ಲು ತುಂಬಿದ ಟ್ರ್ಯಾಕ್ಟರ್ ಹತ್ತಿ ಗಂಗಾವತಿ ಸೇರಿದೆವು.

ಮೂರನೆಯ ದಿನ: ಭತ್ತದ ಗದ್ದೆ

ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೊರಟರೆ ಇದು ಹಿಂದಿನ ದಿನದ ಜಿಲ್ಲೆಯೇ ಎಂದು ಅನುಮಾನ ಬರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಮುಟ್ಟಿದ ಕಡೆಯೆಲ್ಲ ಭತ್ತ, ಭತ್ತ, ಭತ್ತ. ದಾರಿಯುದ್ದಕ್ಕೂ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಔಷಧದ ಅಂಗಡಿ. ಗೆಳೆಯನ ಅಕ್ಕನನ್ನು ಈ ಭಾಗಕ್ಕೆ ಕೊಟ್ಟಿದ್ದಾರೆ. ಸೋನಾ ಮಸೂರಿಯ ತೆನೆ ಬಾಗಿದ ಗದ್ದೆಯ ಬದುವಿನ ಮೇಲೆ ಅಕ್ಕ ನಮ್ಮನ್ನು ಕರೆದುಕೊಂಡು ಹೋದರು.

ಆಚೆಯ ಗದ್ದೆಯಲ್ಲಿ ಅಲ್ಲಲ್ಲಿ ದುಂಡಗೆ, ಬೆಂಕಿ ತಗುಲಿದಂತೆ ಕಂದಾದ ತೇಪೆಗಳು. ಕಂದು ಜಿಗಿಹುಳುವಿನ ಹಾವಳಿ. ಬುಡದಲ್ಲಿ ಕುಳಿತು ರಸ ಹೀರುವ ಈ ಹುಳು ಕೆಲವೇ ದಿನಗಳಲ್ಲಿ ಗದ್ದೆಯನ್ನು ಸುಟ್ಟು ಹಾಕುತ್ತದೆ. "ಅವರು ಹೊಡೆಯದ ಔಷಧ ಇಲ್ಲ" ಎಂದರು ಅಕ್ಕ. "ಎರಡು ಸಲ ಹೆಚ್ಚಿಗೆ ಹೊಡೆದ ಮೇಲೆಯೇ ಹೀಗೆ ಎದ್ದಿದ್ದು. ನಮ್ಮದನ್ನು ನೋಡಿ."

ಸೆರಗು ಸಿಕ್ಕಿಸಿಕೊಂಡು ಗದ್ದೆಗಿಳಿದು ಒಂದು ಬುಡವನ್ನು ಮೆಲ್ಲಗೆ ತಟ್ಟಿದರು. ನೀರಿನ ಮೇಲೆ ನಾಲ್ಕೈದು ಕಂದು ಹುಳು ಉದುರಿದವು. ಅಷ್ಟರಲ್ಲೇ ಎಲ್ಲಿಂದಲೋ ಒಂದು ತೋಳ ಜೇಡ ನೀರಿನ ಮೇಲೆಯೇ ಓಡಿ ಬಂದು ಒಂದನ್ನು ಕಚ್ಚಿಕೊಂಡು ಮರೆಯಾಯಿತು. ಬಲೆ ನೇಯದೆ ಬೇಟೆಯಾಡುವ ಈ ಜೇಡ ದಿನಕ್ಕೆ 5ರಿಂದ 15 ಹುಳುಗಳನ್ನು ತಿನ್ನಬಲ್ಲದು. ಜಿಗಿಹುಳುವಿನ ಮೊಟ್ಟೆಗಳನ್ನು ಹೀರುವ ಪುಟ್ಟ ಹಸಿರು ಮಿರಿಡ್ ತಿಗಣೆಯನ್ನೂ ಅಕ್ಕ ಬೆರಳಿನಲ್ಲಿ ತೋರಿಸಿದರು. ಕೃಷಿ ತರಬೇತಿಯಲ್ಲಿ ಕಲಿತದ್ದಂತೆ. "ಜೇಡ ಇರುವವರೆಗೆ ಪಂಪಿಗೆ ಕೈ ಹಚ್ಚುವುದಿಲ್ಲ. ಮೊದಲು ಬುಡ ತಟ್ಟಿ ಎಣಿಸುತ್ತೇನೆ."

ಔಷಧ ಹೊಡೆದ ಮೇಲೆ ಹುಳು ಹೆಚ್ಚುವುದು ಹೇಗೆ? ಜಿಗಿಹುಳು ಮೊಟ್ಟೆ ಇಡುವುದು ಎಲೆಯ ಬುಡದ ಅಂಗಾಂಶದೊಳಗೆ. ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಹೊರಗೆ ಓಡಾಡುವ ಜೇಡ, ತಿಗಣೆ ಸಾಯುತ್ತವೆ. ವಾರ ಕಳೆದು ಮೊಟ್ಟೆ ಒಡೆದಾಗ ಮರಿಗಳಿಗೆ ತಿನ್ನುವವರೇ ಇಲ್ಲದ ಗದ್ದೆ ಸಿಗುತ್ತದೆ. ಜೇಡದ ಸಂತತಿ ಮತ್ತೆ ತುಂಬಿಕೊಳ್ಳಲು ಬಹಳ ದಿನ ಬೇಕು, ಹುಳುವಿಗೆ ಅಷ್ಟು ಬೇಕಿಲ್ಲ.

ಇದರ ಹಿಂದಿನ ಗಣಿತ ಸುಮಾರು ನೂರು ವರ್ಷ ಹಳೆಯದು, ಹುಟ್ಟಿದ್ದು ಮೀನು ಮಾರುಕಟ್ಟೆಯಲ್ಲಿ. ಇಟಲಿಯ ಉಂಬೆರ್ತೊ ದಾಂಕೋನ ಎಂಬ ಜೀವವಿಜ್ಞಾನಿ ಆಡ್ರಿಯಾಟಿಕ್ ಸಮುದ್ರದ ಬಂದರುಗಳ ಲೆಕ್ಕ ನೋಡುತ್ತಿದ್ದ. ಮೊದಲ ಮಹಾಯುದ್ಧದಲ್ಲಿ ಮೀನುಗಾರಿಕೆ ಕುಗ್ಗಿದ ವರ್ಷಗಳಲ್ಲಿ, ಬಂದಷ್ಟು ಮೀನಿನಲ್ಲಿ ಶಾರ್ಕ್‌ನಂಥ ಬೇಟೆಗಾರ ಮೀನುಗಳ ಪಾಲು ಏರಿತ್ತು. ಯಾಕೆ ಎಂದು ತನ್ನ ಮಾವ, ಗಣಿತಜ್ಞ ವೀತೊ ವೊಲ್ತೆರಾನನ್ನು ಕೇಳಿದ. ವೊಲ್ತೆರಾ 1926ರಲ್ಲಿ ಸಮೀಕರಣಗಳನ್ನು ಬರೆದ. ಅಮೆರಿಕದ ಆಲ್ಫ್ರೆಡ್ ಲೋಟ್ಕಾ ಅದೇ ಸಮೀಕರಣಗಳನ್ನು ಒಂದು ವರ್ಷ ಮೊದಲೇ, 1925ರಲ್ಲಿ, ಬೇರೆಯಾಗಿ ಮುಟ್ಟಿದ್ದ. ಅದರಿಂದ ಹೊರಟ ಒಂದು ತೀರ್ಮಾನ ಪ್ರತಿ ಗೊಬ್ಬರದಂಗಡಿಯ ಮುಂದೆ ಬರೆದು ಹಾಕುವಂಥದ್ದು: ತಿನ್ನುವ ಪ್ರಾಣಿಯನ್ನೂ ಬಲಿಯಾಗುವ ಪ್ರಾಣಿಯನ್ನೂ ಒಟ್ಟಿಗೆ ಕೊಲ್ಲುತ್ತ ಹೋದರೆ, ಸರಾಸರಿಯಲ್ಲಿ ಹೆಚ್ಚುವುದು ಬಲಿಯಾಗುವುದೇ. ಬಲೆ ಹಾಕುವುದು ನಿಂತಾಗ ಸಮುದ್ರದಲ್ಲಿ ಶಾರ್ಕ್ ಹೆಚ್ಚಿತು. ಔಷಧ ಬಿದ್ದಾಗ ಗದ್ದೆಯಲ್ಲಿ ಜಿಗಿಹುಳು ಹೆಚ್ಚುತ್ತದೆ.

ಇಂಡೋನೇಷ್ಯಾ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. ಜಿಗಿಹುಳು ಭತ್ತದ ಬೆಳೆಯನ್ನು ನುಂಗತೊಡಗಿದಾಗ ಅಲ್ಲಿನ ಸರ್ಕಾರ 1986ರಲ್ಲಿ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು, ಸಬ್ಸಿಡಿಯನ್ನೂ ಹಿಂತೆಗೆದುಕೊಂಡಿತು. ಹಾಗೆಂದು ಅಕ್ಕ ಕೈಕಟ್ಟಿ ಕುಳಿತಿಲ್ಲ. ಎರಡು ಮೂರು ಮೀಟರಿಗೊಂದು ಅಡಿ ಅಗಲದ ಗಾಳಿದಾರಿ ಬಿಟ್ಟಿದ್ದಾರೆ, ಯೂರಿಯಾ ಮಿತಿಯಲ್ಲಿಟ್ಟಿದ್ದಾರೆ, ಹುಳು ಹೆಚ್ಚಿದರೆ ನಾಲ್ಕು ದಿನ ನೀರು ಬಸಿಯುತ್ತಾರೆ. ಅವರ ಮನೆಯ ಹೊಸ ಅಕ್ಕಿಯ ಅನ್ನ, ಪುಂಡಿ ಪಲ್ಯ ಉಂಡು ಸಂಜೆಯ ಬಸ್ಸಿಗೆ ಆನೆಗೊಂದಿ ಸೇರಿದೆವು.

ಕೊನೆಯ ದಿನ: ಆನೆಗೊಂದಿಯ ಹೊಳೆ

ಬೆಳಗಿನ ಆರಕ್ಕೇ ತಳವಾರಘಟ್ಟದ ಕಡೆಯ ದಂಡೆಗೆ ನಡೆದೆವು. ಪ್ರವಾಸಿಗರು ಅಂಜನಾದ್ರಿಯ ಮೆಟ್ಟಿಲು ಹತ್ತುವ ಹೊತ್ತು ಅದು, ಹೊಳೆ ಖಾಲಿ ಇರುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಹರಗೋಲಿನ ಅಣ್ಣ ಮೀನು ಹಿಡಿಯುವ ಮನೆತನದವರು. ಹುಟ್ಟು ಹಾಕುವುದನ್ನು ನಿಲ್ಲಿಸಿ ಗದ್ದದಿಂದ ಸನ್ನೆ ಮಾಡಿದರು. ಬಂಡೆಗಳ ಸಂದಿನಲ್ಲಿ ಐದು ತಲೆಗಳು. ಒಂದು ಸಾಲಾಗಿ ಬಂದು, ಬಿಲ್ಲಿನಂತೆ ಬಾಗಿ, ಮೀನನ್ನು ದಂಡೆಯ ಕಡೆಗೆ ಅಟ್ಟಿದವು. ದೊಡ್ಡದೊಂದು ಬಂಡೆ ಹತ್ತಿ, ಮೀನನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಕಡೆಯಿಂದ ಕಚ್ಚಿ ತಿಂದಿತು. ನನಗೆ ಕಣ್ಣು ತುಂಬಿ ಬಂತು.

"ಇಲ್ಲಿ ಕೆಲವರು ಮದ್ದು ಸಿಡಿಸಿ ಮೀನು ಹಿಡಿಯುತ್ತಿದ್ದರು, ಸರ್" ಎಂದರು ಅಣ್ಣ. "ಆಗ ಮೊದಲು ಮೀನು ಹೋಯಿತು, ಆಮೇಲೆ ನೀರುನಾಯಿ ಹೋದವು. ಸಿಡಿಸುವುದು ಕಡಿಮೆಯಾದ ಮೇಲೆ ಮೊದಲು ಮೀನು ಬಂತು. ನೀರುನಾಯಿ ಬರಲು ಮತ್ತೆರಡು ಬೇಸಿಗೆ ಹಿಡಿಯಿತು."

ವೊಲ್ತೆರಾನ ಸಮೀಕರಣ ಹೇಳುವುದೂ ಇದನ್ನೇ. ಬಲಿಯ ಅಲೆ ಮುಂದೆ, ಬೇಟೆಗಾರನ ಅಲೆ ಹಿಂದೆ. ಹೊಳೆಯ ಮೇಲೆ ಬೆಳೆದವರಿಗೆ ಅದು ಕಣ್ಣಳತೆಯಲ್ಲೇ ಗೊತ್ತಿದೆ. ಯಾವ ಮೀನು ಹೇರಳವೋ ನೀರುನಾಯಿ ಅದನ್ನೇ ಹೆಚ್ಚು ಹಿಡಿಯುತ್ತದೆ, ಕಡಿಮೆಯಾದದ್ದನ್ನು ಹುಡುಕಿಕೊಂಡು ಹೋಗುವುದಿಲ್ಲ ಎನ್ನುವುದೂ ಅವರದೇ ಮಾತು. ಹೀಗೆ ಬದಲಿಸಿ ಬದಲಿಸಿ ತಿನ್ನುವ ಬೇಟೆಗಾರನಿಂದಲೇ ಯಾವ ಒಂದು ಮೀನೂ ಹೊಳೆಯನ್ನು ಪೂರ್ತಿ ಆಕ್ರಮಿಸಲಾರದು.

ಆದರೆ ಅಣ್ಣನ ಬಲೆ ನಾಲ್ಕು ಕಡೆ ಹರಿದಿತ್ತು. ಬಲೆಗೆ ಬಿದ್ದ ಮೀನು ನೀರುನಾಯಿಗೆ ಸುಲಭದ ಊಟ. "ಅವು ಇರಲಿ, ನಾನು ಬೇಡ ಎನ್ನುವುದಿಲ್ಲ. ಈ ಬಲೆಯ ದುಡ್ಡನ್ನು ಯಾರ ಹತ್ತಿರ ಕೇಳಲಿ, ಅದನ್ನು ಹೇಳಿ" ಎಂದರು. ಕುಕನೂರಿನ ದೊಡ್ಡಪ್ಪ, ಬಂಕಾಪುರದ ಅಜ್ಜ ಕೇಳಿದ್ದೂ ಇದೇ ಪ್ರಶ್ನೆ. ಚಿಗರಿ, ತೋಳ, ನೀರುನಾಯಿಗಳ ಊಟದ ಖರ್ಚು ಸೀದಾ ಬೀಳುತ್ತಿರುವುದು ಇವರ ಮೇಲೆ. ಉಳಿದ ನಾವೆಲ್ಲ ಅದರಲ್ಲಿ ಪಾಲು ಕೊಡಬೇಕು.

ಅಲ್ಲಿಗೆ ಹೋಗುವವರು ಸಾಣಾಪುರದ ಗದ್ದಲ ಬಿಟ್ಟು ಬೆಳಗಿನ ಜಾವ ಆನೆಗೊಂದಿಯ ದಂಡೆಯಲ್ಲಿ ಹರಗೋಲಿನ ಮೀನುಗಾರರನ್ನೇ ಕೇಳಿ. ಬಾಡಿಗೆಗೆ ಚೌಕಾಸಿ ಮಾಡಬೇಡಿ. ಆ ಬೆಳಿಗ್ಗೆ ನಾವು ಕೊಟ್ಟ ಹಣವನ್ನು ಎಣಿಸಿಕೊಂಡ ಅಣ್ಣ ನೇರವಾಗಿ ಗಂಗಾವತಿಯ ಬಸ್ ಹತ್ತಿದರು, ಬಲೆಯ ದಾರ ತರಲು.